ಕಥೆಯ ರಾಣಿಯೂ ಕಲ್ಲಿನ ರಾಣಿಯೂ

ಕಾದಂಬರಿಯೆಂಬ ಶಬ್ದವನ್ನು ನಾವು ದಿನಕ್ಕೆ ಹತ್ತು ಸಾರಿ ಆಡುತ್ತೇವೆಯಾದರೂ ಅದು ಒಬ್ಬ ಗಂಧರ್ವಕನ್ಯೆಯ ಹೆಸರೆಂಬುದನ್ನು ನೆನೆಯುವವರು ವಿರಳ. ಏಳನೆಯ ಶತಮಾನದಲ್ಲಿ ಹರ್ಷವರ್ಧನನ ಆಶ್ರಯದಲ್ಲಿದ್ದ ಬಾಣಭಟ್ಟನು ಆ ಕನ್ಯೆಯ ಕಥೆಯನ್ನು ಗದ್ಯದಲ್ಲಿ ಬರೆಯತೊಡಗಿ, ಮುಗಿಸುವ ಮುನ್ನವೇ ಕಾಲವಶನಾದನು. ಉಳಿದುದನ್ನು ಅವನ ಮಗನು ಪೂರೈಸಿದನು. ನಮ್ಮ ನಾಗವರ್ಮನು ಅದನ್ನು ಚಂಪೂರೂಪದಿಂದ ಕನ್ನಡಕ್ಕೆ ತಂದನು. ಕಡೆಗೆ ಆ ಒಂದು ಗ್ರಂಥದ ಹೆಸರೇ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಒಂದು ಸಾಹಿತ್ಯಪ್ರಕಾರಕ್ಕೆಲ್ಲ ಹೆಸರಾಗಿ ನಿಂತಿತು. ರಾಜಸಭೆಯಲ್ಲಿ ಕಥೆ ಹೇಳುವ ಗಿಳಿ, ಜನ್ಮಾಂತರದ ಪ್ರೇಮ, ಭೂಮಿಯಲ್ಲಿ ರಾಜಕುಮಾರನಾಗಿ ಹುಟ್ಟುವ ಚಂದ್ರ—ಇಷ್ಟೆಲ್ಲವೂ ಅದರಲ್ಲಿ ಉಂಟು. ಹೀಗಿರುವಾಗ, ಅದ್ಭುತ ಕಾದಂಬರಿಯು ಪಶ್ಚಿಮದಿಂದ ಬಂದ ಹೊಸ ಸರಕು ಎನ್ನುವವರ ಮಾತನ್ನು ನಾನು ಒಪ್ಪಲಾರೆ. ಮತ್ತೊಂದು ಮಾತು: ಅದೇ ಬಾಣನ ಕೈ ತನ್ನ ದೊರೆಯ ವೃತ್ತಾಂತವಾದ ಹರ್ಷಚರಿತವನ್ನೂ ಬರೆಯಿತು. ಅದ್ಭುತವೂ ಚರಿತ್ರೆಯೂ ಒಂದೇ ಲೇಖನಿಯ ಮಕ್ಕಳು.

ವೃತ್ತಿಯಿಂದ ಬಿಡುವಾದ ಮೇಲೆ ನನಗೆ ಓದಿಗೆ ಕೊರತೆಯಿಲ್ಲ. ಸೊಸೆಯು ತರಿಸುವ ಪುಸ್ತಕಗಳೂ ಮೊಮ್ಮಗಳು ಗೆಳತಿಯರಿಂದ ಎರವಲು ತರುವ ಪುಸ್ತಕಗಳೂ ನನ್ನ ಕಟ್ಟೆಯ ಮೇಲೆ ಬಂದು ಬೀಳುತ್ತವೆ. ಮೊಮ್ಮಗಳ ಒತ್ತಾಯಕ್ಕೆ ಮಣಿದು, ಅಮೀಶ್ ತ್ರಿಪಾಠಿಯವರು 2010ರಲ್ಲಿ ಇಂಗ್ಲಿಷಿನಲ್ಲಿ ಹೊರತಂದ ಮೆಲೂಹದ ಕಥೆಯನ್ನು ಓದಿದೆನು. ಪರಶಿವನು ಅದರಲ್ಲಿ ಟಿಬೆಟ್ಟಿನ ಒಂದು ಬುಡಕಟ್ಟಿನ ಮುಖಂಡ. ಮೆಲುಹ್ಹ ಎಂಬುದು ಮೆಸೊಪೊಟೇಮಿಯದ ಪ್ರಾಚೀನ ಲೇಖನಗಳಲ್ಲಿ ಬರುವ ದೇಶನಾಮ; ಸಿಂಧೂ ಕಣಿವೆಯ ನಾಡೇ ಅದೆಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಆ ಹೆಸರನ್ನು ಎತ್ತಿಕೊಂಡುದು ಚಮತ್ಕಾರವೇ ಸರಿ. ಕಥೆಯ ವೇಗವೂ ಮೆಚ್ಚತಕ್ಕದ್ದೇ. ಆದರೆ ಗ್ರಂಥಕರ್ತರು ಪ್ರತಿಯೊಂದು ಅದ್ಭುತಕ್ಕೂ ಒಂದೊಂದು ಕಾರಣವನ್ನು ಹೇಳಿಬಿಡುತ್ತಾರೆ. ಸೋಮರಸವು ಒಂದು ಔಷಧವಾಗುತ್ತದೆ, ದೇವರು ಒಬ್ಬ ಗಟ್ಟಿಗನಾದ ಮನುಷ್ಯನಾಗುತ್ತಾನೆ. ಹೀಗೆ ಎಲ್ಲಕ್ಕೂ ವಿವರಣೆ ದೊರೆತ ಮೇಲೆ ಬೆರಗೆಂಬುದು ಎಲ್ಲಿ ನಿಲ್ಲಬೇಕು? ವಿಶ್ವಾಮಿತ್ರನನ್ನು ಕುರಿತು ‘ಮಹಾಬ್ರಾಹ್ಮಣ’ವನ್ನು ಬರೆದ ದೇವುಡು ನರಸಿಂಹಶಾಸ್ತ್ರಿಗಳು ತಪಸ್ಸನ್ನು ತಪಸ್ಸಾಗಿಯೇ ಬಿಟ್ಟರು. ಅದನ್ನು ಓದುವಾಗ ನಂಬುವವನಿಗೂ ನಂಬದವನಿಗೂ ಮೈ ನವಿರೇಳುತ್ತದೆ. ಆಂಗ್ಲರಲ್ಲಿ ಟಾಲ್ಕಿನ್ನರ ಉಂಗುರದ ಕಥೆಯೂ (1954–55) ಇದೇ ಬಗೆಯದು. ಅವರು ಆಕ್ಸ್‌ಫರ್ಡಿನಲ್ಲಿ ಪ್ರಾಚೀನ ಭಾಷೆಗಳ ಪ್ರಾಧ್ಯಾಪಕರಾಗಿದ್ದವರು. ತಮ್ಮ ಕಲ್ಪನೆಯ ಜನಕ್ಕೆ ಮೊದಲು ಭಾಷೆಯನ್ನೂ ವ್ಯಾಕರಣವನ್ನೂ ಕಟ್ಟಿಕೊಟ್ಟು ಅನಂತರ ಕಥೆಯನ್ನು ಕಟ್ಟಿದರೆಂಬುದನ್ನು ಕೇಳಿ ವ್ಯಾಕರಣದ ಮೇಷ್ಟ್ರಾದ ನನಗೆ ಅವರಲ್ಲಿ ಬಂಧುಭಾವವೇ ಉಂಟಾಯಿತು.

ಅದಿರಲಿ. ನನ್ನ ಮುಖ್ಯವಾದ ಮಾತು ಐತಿಹಾಸಿಕ ಕಾದಂಬರಿಗಳನ್ನು ಕುರಿತದ್ದು.

ಈ ವಿಷಯದಲ್ಲಿ ನಾನು ಕೊಂಚ ಜಗಳಗಂಟ ಓದುಗನು. ಹೊಯ್ಸಳರ ಕಾಲದ ಅಡಿಗೆಯವನೊಬ್ಬನು ಒಗ್ಗರಣೆಗೆ ಒಣಮೆಣಸಿನಕಾಯಿಯನ್ನು ಮುರಿದು ಹಾಕುವುದನ್ನು ಒಂದು ಕಾದಂಬರಿಯಲ್ಲಿ ಓದಿದಾಗ ಪುಸ್ತಕವನ್ನು ಮುಚ್ಚಿ ಎದ್ದುಬಿಟ್ಟೆನು. ಮೆಣಸಿನಕಾಯಿಯು ಅಮೆರಿಕ ಖಂಡದ ಗಿಡ. 1498ರಲ್ಲಿ ಪೋರ್ಚುಗೀಸರು ಕಲ್ಲಿಕೋಟೆಗೆ ಬಂದಿಳಿದ ಮೇಲೆಯೇ ಅದು ನಮ್ಮ ದೇಶವನ್ನು ಕಂಡುದು. ಅದಕ್ಕೆ ಮುಂಚೆ ನಮ್ಮ ಹಿರಿಯರಿಗೆ ಖಾರವೆಂದರೆ ಕರಿಮೆಣಸು. “ಒಂದು ಮೆಣಸಿನಕಾಯಿಗೋಸ್ಕರ ಇಷ್ಟು ಕೋಪವೇ?” ಎಂದು ಮನೆಯಾಕೆಯು ನಕ್ಕಳು. ಅವಳ ಮಾತಿನಲ್ಲಿಯೂ ಹುರುಳುಂಟು. ಕವಿಗೆ ನಡೆದ ಸಂಗತಿಯನ್ನಷ್ಟೇ ಒಪ್ಪಿಸುವುದರಿಂದ ಪ್ರಯೋಜನವಿಲ್ಲ, ಆ ಕೆಲಸವು ಇತಿಹಾಸದಿಂದಲೇ ಆಗುತ್ತದೆಯೆಂದು ಆನಂದವರ್ಧನನು ಒಂಬತ್ತನೆಯ ಶತಮಾನದಲ್ಲಿಯೇ ಹೇಳಿರುವನು. ರಸಕ್ಕೆ ಒಗ್ಗದ ಸಂಗತಿಯನ್ನು ಕವಿಯು ಬಿಡಬಹುದು, ಬೇರೆ ಕಥೆಯನ್ನು ಕಲ್ಪಿಸಿಕೊಳ್ಳಬಹುದು. ಮಹಾಭಾರತದ ಶಾಕುಂತಲೋಪಾಖ್ಯಾನದಲ್ಲಿ ದೂರ್ವಾಸರ ಶಾಪವಿಲ್ಲ. ಕಾಳಿದಾಸನು ಅದನ್ನು ತಂದು ದುಷ್ಯಂತನ ಮಾನವನ್ನು ಉಳಿಸಿದನು. ಆದರೆ ಶಾಪವನ್ನು ತಂದುದು ರಸಕ್ಕಾಗಿ; ಮೆಣಸಿನಕಾಯಿಯು ಬಂದುದು ಅಜಾಗರೂಕತೆಯಿಂದ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಚೆನ್ನಾಗಿ ತೂಗಿ ಬರೆದವರು ನಮ್ಮಲ್ಲಿ ಕಡಮೆಯೇನೂ ಇಲ್ಲ. ತ.ರಾ. ಸುಬ್ಬರಾಯರ ‘ದುರ್ಗಾಸ್ತಮಾನ’ವನ್ನು ಮೂರು ಸಾರಿ ಓದಿರುವೆನು. 1779ರಲ್ಲಿ ಚಿತ್ರದುರ್ಗವು ಹೈದರನ ವಶವಾಗುವುದೆಂದು ಮೊದಲ ಪುಟದಲ್ಲಿಯೇ ಬಲ್ಲೆನಾದರೂ, ಪ್ರತಿ ಸಾರಿಯೂ ಈ ಸಲ ಮದಕರಿಯು ಗೆದ್ದಾನೋ ಎಂದು ಮನಸ್ಸು ಹಂಬಲಿಸುತ್ತದೆ. ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ಅದಕ್ಕೆ 1985ರಲ್ಲಿ ಬಂದಿತು. ಅದನ್ನು ಕಾಣಲು ಗ್ರಂಥಕರ್ತರು ಇರಲಿಲ್ಲ.

ಈಚಿನವುಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದುದು ವಸುಧೇಂದ್ರರು 2019ರಲ್ಲಿ ಪ್ರಕಟಿಸಿದ ‘ತೇಜೋ ತುಂಗಭದ್ರಾ’. ತೇಜೋ ಎಂಬುದು ಲಿಸ್ಬನ್ ಪಟ್ಟಣದ ನದಿ. ಒಂದು ದಡದಲ್ಲಿ ಸ್ಪೇನಿನಿಂದ ಓಡಿಬಂದ ಯಹೂದ್ಯರ ಮನೆಯ ಹುಡುಗಿ, ಅವಳನ್ನು ಮೆಚ್ಚಿ ಹಣ ಗಳಿಸಲೆಂದು ಹಿಂದೂದೇಶಕ್ಕೆ ಹಡಗನ್ನೇರುವ ಬಡ ಹುಡುಗ. ಇನ್ನೊಂದು ದಡದಲ್ಲಿ ವಿಜಯನಗರದ ಕಾಲದ ಒಂದು ಹಳ್ಳಿ. ಕನ್ನಡದ ಐತಿಹಾಸಿಕ ಕಾದಂಬರಿಯು ಇಷ್ಟು ದೂರ ಸಮುದ್ರಯಾನ ಮಾಡಿದುದನ್ನು ನಾನು ಹಿಂದೆ ಕಂಡಿರಲಿಲ್ಲ. ಅದಕ್ಕಿಂತ ದೊಡ್ಡ ಗುಣವೆಂದರೆ, ರಾಜರು ಅದರಲ್ಲಿ ದೂರದಲ್ಲಿಯೇ ಉಳಿದು, ರಾಜರ ಕಾಲದಲ್ಲಿ ಬಾಳಿದವರ ಮೈಯ ನೋವು ಮುಂದೆ ಬರುವುದು. ಮುತ್ತುರತ್ನಗಳನ್ನು ಬೀದಿಯಲ್ಲಿ ಅಳೆದು ಮಾರಿದ ವಿಜಯನಗರವನ್ನು ಹೊಗಳಿ ಹೊಗಳಿ ಪಾಠ ಹೇಳಿದವನು ನಾನು. ಸಹಗಮನದ ಚಿತೆಯನ್ನೂ, ಒಡೆಯನ ಹೆಸರಿನಲ್ಲಿ ತಲೆಯೊಪ್ಪಿಸುವ ಲೆಂಕರನ್ನೂ ಆ ಹೊಗಳಿಕೆಯ ಪಕ್ಕದಲ್ಲಿ ಇಟ್ಟು ನೋಡಬೇಕಾಯಿತು. ಕೆಲವು ಪುಟಗಳಲ್ಲಿ ಕ್ರೌರ್ಯದ ವರ್ಣನೆಯು ಮಿತಿಮೀರಿತೆಂದು ನನಗೆ ತೋರಿತು. ಮಕ್ಕಳ ಕೈಗೆ ಕೊಡುವಂಥದಲ್ಲ. ಆದರೂ ಸುಳ್ಳೆನ್ನಲು ಬಾಯಿ ಬರಲಿಲ್ಲ.

ಕೆ.ಎನ್. ಗಣೇಶಯ್ಯನವರು ಕೃಷಿವಿಜ್ಞಾನಿಗಳು. ಅವರ ‘ಕನಕ ಮುಸುಕು’ ಹೊಯ್ಸಳ ಶಿಲ್ಪಗಳ ಕೈಯಲ್ಲಿ ಕಾಣುವ ಮುಸುಕಿನ ಜೋಳದಂಥ ವಸ್ತುವನ್ನು ಹಿಡಿದು ಹೊರಟ ಪತ್ತೇದಾರಿಯ ಕಥೆ. ಮೆಣಸಿನಕಾಯಿಗೆ ಕೋಪಗೊಂಡ ನಾನು ಮುಸುಕಿನ ಜೋಳಕ್ಕೂ ಕೋಪಗೊಳ್ಳಬೇಕಾಗಿತ್ತು, ಅದೂ ಅಮೆರಿಕದ ಬೆಳೆಯೇ. ಆದರೆ ಇಲ್ಲಿ ಗ್ರಂಥಕರ್ತರು ಎಡವಿದುದಲ್ಲ. ಸಂಶಯವನ್ನೇ ಕಥೆಯಾಗಿ ಮಾಡಿದುದು. ಆ ವಸ್ತುವು ಜೋಳವೆಂದು ನನಗೆ ಒಪ್ಪಿಗೆಯಾಗಲಿಲ್ಲ. ಆದರೆ ಓದಿದ ಮರುತಿಂಗಳೇ ಸೋಮನಾಥಪುರಕ್ಕೆ ಹೋಗಿ ಒಂದೊಂದು ಮೂರ್ತಿಯ ಕೈಯನ್ನೂ ನೋಡಿ ಬಂದೆನು. ಪಾಠಪುಸ್ತಕವು ನನ್ನಿಂದ ಆ ಕೆಲಸವನ್ನು ಎಂದೂ ಮಾಡಿಸಿರಲಿಲ್ಲ.

ಇನ್ನು ನನ್ನ ತಪ್ಪನ್ನು ಹೇಳಬೇಕು. ಇತರರ ಒಗ್ಗರಣೆಯನ್ನು ಪರೀಕ್ಷಿಸುವವನು ತನ್ನ ಪಾತ್ರೆಯನ್ನೂ ತೋರಿಸಬೇಕಷ್ಟೆ.

ಮೂವತ್ತು ವರ್ಷಗಳ ಕಾಲ ನಾನು ಹೊಯ್ಸಳರ ಪಾಠದಲ್ಲಿ ಶಾಂತಲೆಯ ಕಥೆಯನ್ನು ಹೇಳುತ್ತಿದ್ದೆನು. ರಾಜ್ಯಕ್ಕೆ ಉತ್ತರಾಧಿಕಾರಿಯಿಲ್ಲವೆಂಬ ಕೊರಗಿನಿಂದ, ಪತಿಗೆ ತಾನು ಅಡ್ಡಿಯಾಗಬಾರದೆಂದು, ಆ ನಾಟ್ಯರಾಣಿಯು ಶಿವಗಂಗೆಯ ಶಿಖರದಿಂದ ಧುಮುಕಿ ಪ್ರಾಣಬಿಟ್ಟಳೆಂದು ವರ್ಣಿಸುತ್ತಿದ್ದೆನು. ತರಗತಿಯು ನಿಶ್ಶಬ್ದವಾಗುತ್ತಿತ್ತು, ಹೆಣ್ಣುಮಕ್ಕಳು ಕಣ್ಣೊರಸಿಕೊಳ್ಳುತ್ತಿದ್ದರು, ನನಗೆ ಅದು ಬೋಧನೆಯ ಸಾಫಲ್ಯವೆಂದು ತೋರುತ್ತಿತ್ತು. ಆ ಕಥೆಯನ್ನು ಕಾದಂಬರಿಯಲ್ಲಿ ಓದಿದೆನೋ, ನಾಟಕದಲ್ಲಿ ನೋಡಿದೆನೋ, ಹಿರಿಯರ ಬಾಯಿಂದ ಕೇಳಿದೆನೋ ಈಗ ನೆನಪಿಲ್ಲ. ಪಾಠಪುಸ್ತಕದಲ್ಲಂತೂ ಅದು ಇರಲಿಲ್ಲ.

ನಾನು ನಿವೃತ್ತನಾದ ಮರುವರ್ಷ, ಆ ತರಗತಿಗಳಲ್ಲೊಂದರಲ್ಲಿ ಕುಳಿತಿದ್ದ ಹುಡುಗಿಯೊಬ್ಬಳು, ಈಗ ಶಾಸನಗಳನ್ನು ಅಭ್ಯಾಸಮಾಡುತ್ತಿರುವವಳು, ಯುಗಾದಿಗೆ ಬಂದು ನಮಸ್ಕರಿಸಿದಳು. ಬೇವುಬೆಲ್ಲವಾದ ಮೇಲೆ ಮೆಲ್ಲಗೆ ಕೇಳಿದಳು:

“ಮೇಷ್ಟ್ರೇ, ತಾವು ಶಾಂತಲೆಯ ಪಾಠ ಹೇಳಿದ ದಿನ ನಾನು ಊಟ ಮಾಡಿರಲಿಲ್ಲ. ಶ್ರವಣಬೆಳಗೊಳದ ಚಂದ್ರಗಿರಿಯ ಶಾಸನವನ್ನು ಓದಿದೆ. ಧುಮುಕಿದಳೆಂದು ಅದರಲ್ಲಿ ಇಲ್ಲವಲ್ಲ?”

“ಏನಿದೆಯಮ್ಮ?” ಎಂದೆನು.

ಇದ್ದುದು ಇಷ್ಟು. ಶಾಂತಲೆಯು 1131ರಲ್ಲಿ ಶಿವಗಂಗೆಯಲ್ಲಿ ದಿವಂಗತಳಾದಳು. ಮಗಳ ಮರಣವನ್ನು ಸಹಿಸಲಾರದೆ ತಾಯಿ ಮಾಚಿಕಬ್ಬೆಯು ಬೆಳಗೊಳಕ್ಕೆ ಬಂದು, ಜೈನವಿಧಿಯಂತೆ ಆಹಾರವನ್ನು ತ್ಯಜಿಸಿ ದೇಹವನ್ನು ಬಿಟ್ಟಳು. ತಂದೆ ಮಾರಸಿಂಗಯ್ಯನು ಶೈವನು, ತಾಯಿ ಜೈನಳು, ಗಂಡನ ಹೆಸರಿನೊಡನೆ ವೈಷ್ಣವಸಂಪ್ರದಾಯದ ಕಥೆ ಹೊಂದಿಕೊಂಡಿದೆ. ಒಂದೇ ಮನೆಯೊಳಗೆ ಮೂರು ಮತಗಳು ಹೇಗೆ ಬಾಳಿದವೆಂಬುದೇ ಒಂದು ಪಾಠಕ್ಕೆ ಸಾಕಾಗಿತ್ತು. ಅದನ್ನು ನಾನು ಹೇಳಿರಲಿಲ್ಲ. 1123ರಲ್ಲಿ ಆ ರಾಣಿಯು ಚಂದ್ರಗಿರಿಯ ಮೇಲೆ ಕಟ್ಟಿಸಿದ ಬಸದಿಗೆ ಸವತಿಗಂಧವಾರಣ ಬಸದಿಯೆಂದು ಹೆಸರು. ಸವತಿಯರ ಪಾಲಿಗೆ ಮದ್ದಾನೆಯೆಂಬುದು ಅವಳ ಬಿರುದು! ಸಂಸ್ಕೃತ ಬಲ್ಲ ನನಗೆ ಆ ಸಮಾಸವನ್ನು ಬಿಡಿಸಲು ಕ್ಷಣವೂ ಬೇಡ. ಮೂವತ್ತು ವರ್ಷ ಅದನ್ನು ಬಿಡಿಸಿ ನೋಡಲೇ ಇಲ್ಲ. ಆ ಬಿರುದನ್ನು ಧರಿಸಿ, ತನ್ನ ಹೆಸರಿನಲ್ಲಿ ದೇವಾಲಯಗಳನ್ನು ನಿಲ್ಲಿಸಿದ ಹೆಂಗಸನ್ನು, ಯಾರಿಗೂ ಅಡ್ಡಿಯಾಗದಂತೆ ಬೆಟ್ಟದಿಂದ ಬೀಳುವವಳನ್ನಾಗಿ ಮಾಡಿ ಹೆಣ್ಣುಮಕ್ಕಳ ಮುಂದೆ ಆದರ್ಶವೆಂದು ಇಟ್ಟೆನು. ಎಷ್ಟು ಮಂದಿ ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಗಂಡನ ಮನೆಗೆ ಹೋದರೋ ತಿಳಿಯದು. ಕಾದಂಬರಿಕಾರನಿಗೆ ಕಲ್ಪನೆಯ ಹಕ್ಕುಂಟು. ಪುಸ್ತಕದ ಮೇಲೆ ಕಾದಂಬರಿಯೆಂದು ಅಚ್ಚಾಗಿರುತ್ತದೆ. ನನ್ನ ಕೈಯಲ್ಲಿದ್ದುದು ಸೀಮೆಸುಣ್ಣ.

ಅನಂತರ ಸಿ.ಕೆ. ನಾಗರಾಜರಾಯರ ‘ಪಟ್ಟಮಹಾದೇವಿ ಶಾಂತಲದೇವಿ’ಯ ನಾಲ್ಕು ಸಂಪುಟಗಳನ್ನು ತರಿಸಿ ಓದಿದೆನು. 1983ರಲ್ಲಿ ಮೂರ್ತಿದೇವಿ ಪುರಸ್ಕಾರವನ್ನು ಪಡೆದ ಗ್ರಂಥ. ಬಹು ದೀರ್ಘ, ಸಂಭಾಷಣೆಗಳು ಕೆಲವೆಡೆ ಉಪನ್ಯಾಸಗಳಾಗುತ್ತವೆ. ಆದರೆ ಆ ರಾಣಿಗೆ ಬಾಲ್ಯವಿದೆ, ವಿದ್ಯೆಯಿದೆ, ರಾಜಕಾರ್ಯದಲ್ಲಿ ತನ್ನದೇ ಮಾತಿದೆ. ಕಲ್ಲಿನಲ್ಲಿ ಕೆತ್ತಿದ ಬಿರುದಿಗೆ ಒಪ್ಪುವವಳು ಅವಳೇ ಎನಿಸಿತು.

ಕಳೆದ ಮಾಘದಲ್ಲಿ ಮೊಮ್ಮಗಳನ್ನು ಕರೆದುಕೊಂಡು ಶಿವಗಂಗೆಯ ಬೆಟ್ಟವನ್ನು ಹತ್ತಿದೆನು. ಮಂಡಿಯ ನೋವಿನಿಂದ ನಾಲ್ಕು ಕಡೆ ಕುಳಿತು ಮೇಲೆ ಸೇರುವಷ್ಟರಲ್ಲಿ ಮಧ್ಯಾಹ್ನವಾಯಿತು. ಅಂಚಿನ ಬಂಡೆಯ ಬಳಿ ಯಾರೋ ಒಬ್ಬರು ತಮ್ಮ ಸಂಸಾರಕ್ಕೆ, ಶಾಂತಲೆಯು ಧುಮುಕಿದ ಸ್ಥಳ ಇದೇ ಎಂದು ಕೈತೋರಿಸಿ, ನಾನು ಹೇಳುತ್ತಿದ್ದ ರೀತಿಯಲ್ಲಿಯೇ ಹೇಳುತ್ತಿದ್ದರು. ಅವರೂ ನನ್ನಂಥ ಮೇಷ್ಟ್ರ ಕೈಯಲ್ಲಿ ಓದಿದವರಿರಬೇಕು. ಮೊಮ್ಮಗಳು ನನ್ನ ಮುಖವನ್ನು ನೋಡಿದಳು.

“ಹೌದೇ, ತಾತ?”

“ಅವಳು ತೀರಿಕೊಂಡುದು ಈ ಶಿವಗಂಗೆಯಲ್ಲಿ, ಅಷ್ಟನ್ನು ಕಲ್ಲು ಹೇಳುತ್ತದೆ. ಹೇಗೆಂಬುದನ್ನು ಹೇಳುವುದಿಲ್ಲ.”

ಅವಳು ಕೆಳಗಿನ ಪ್ರಪಾತವನ್ನು ಬಗ್ಗಿ ನೋಡಿ, ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು: “ಹಾಗಾದರೆ ಜ್ವರ ಬಂದಿದ್ದಿರಬಹುದೇ?”

“ಬಂದಿದ್ದಿರಬಹುದಮ್ಮ” ಎಂದೆನು.