ಕಿಲೋಮೀಟರ್ ಕಡಿಮೆ ಇದ್ದರೂ ಬೆಲ್ಟ್‌ಗೆ ವಯಸ್ಸಾಗುತ್ತದೆ

ಅಲೆವೂರು, ಮಣಿಪಾಲ, ಕಾಪು ಆಸುಪಾಸಿನಲ್ಲಿ ವರ್ಷದ ಬಹುಕಾಲ ಶೆಡ್ಡಿನಲ್ಲೇ ನಿಂತಿರುವ ಕಾರುಗಳು ಅಪರೂಪವಲ್ಲ. ಮಾಲಕರು ಮುಂಬಯಿಯಲ್ಲೋ ಗಲ್ಫ್‌ನಲ್ಲೋ ಇರುತ್ತಾರೆ; ಊರಿಗೆ ಬಂದಾಗ ಮಾತ್ರ ಕಾರು ಹೊರಡುತ್ತದೆ. ಹತ್ತು ವರ್ಷದಲ್ಲಿ 30 ಸಾವಿರ ಕಿ.ಮೀ. ಮಾತ್ರ ಓಡಿದ ಇಂಥ ಕಾರು ಮಾರಾಟಕ್ಕೆ ಬಂದರೆ ಕೊಳ್ಳುವವರಿಗೆ ಖುಷಿ. ಆದರೆ ಎಂಜಿನ್‌ನಲ್ಲಿರುವುದು ಟೈಮಿಂಗ್ ಬೆಲ್ಟೋ, ಚೈನೋ ಎಂದು ವಿಚಾರಿಸುವವರು ವಿರಳ.

ಎರಡರ ಕೆಲಸವೂ ಒಂದೇ. ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗುವಷ್ಟರಲ್ಲಿ, ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಸರಿಯಾಗಿ ಒಂದು ಸುತ್ತು ಮುಗಿಸಬೇಕು. ಎಂಜಿನ್ ವೇಗ ನಿಮಿಷಕ್ಕೆ 3000 ಸುತ್ತು ಇದ್ದಾಗ ಪ್ರತಿ ವಾಲ್ವ್ ಸೆಕೆಂಡಿಗೆ 25 ಬಾರಿ ತೆರೆದು ಮುಚ್ಚುತ್ತದೆ. ಈ ತಾಳ ತಪ್ಪಿದರೆ ಅನೇಕ ಎಂಜಿನ್‌ಗಳಲ್ಲಿ ಮೇಲೇರುವ ಪಿಸ್ಟನ್ ತೆರೆದಿರುವ ವಾಲ್ವ್‌ಗೆ ಬಡಿದು ಅದನ್ನು ಬಾಗಿಸುತ್ತದೆ. ಆಗ ಎಂಜಿನ್ ಬಿಚ್ಚದೆ ಗತಿಯಿಲ್ಲ. ಅದರ ವೆಚ್ಚ ಬೆಲ್ಟ್ ಬದಲಿಸುವ ವೆಚ್ಚದ ಹಲವು ಪಟ್ಟು.

ಉಕ್ಕಿನ ಚೈನ್ ಎಂಜಿನ್ ಆಯಿಲ್‌ನಲ್ಲೇ ಮೀಯುತ್ತಾ ತಿರುಗುತ್ತದೆ. ಕಾಲಕಾಲಕ್ಕೆ ಆಯಿಲ್ ಬದಲಿಸಿದರೆ ದೀರ್ಘಕಾಲ ಬಾಳುತ್ತದೆ. ಸವೆದು ಸಡಿಲವಾದಾಗ ಸಾಮಾನ್ಯವಾಗಿ ಬೆಳಗ್ಗೆ ಸ್ಟಾರ್ಟ್ ಮಾಡಿದೊಡನೆ ಗಲಗಲ ಸದ್ದು ಕೇಳಿಸುತ್ತದೆ. ಬೆಲ್ಟ್ ಹಾಗಲ್ಲ. ನಾರು ಸೇರಿಸಿದ ಈ ರಬ್ಬರ್ ಪಟ್ಟಿ ಬಹುತೇಕ ಮುನ್ಸೂಚನೆಯಿಲ್ಲದೆ ತುಂಡಾಗುತ್ತದೆ. ಕಾರು ನಿಂತಲ್ಲೇ ಇದ್ದರೂ ರಬ್ಬರ್ ಹಳತಾಗುತ್ತದೆ. ಆದಕಾರಣವೇ ಅನೇಕ ಕಂಪನಿಗಳು ಕಿ.ಮೀ. ಜೊತೆಗೆ ವರ್ಷದ ಮಿತಿಯನ್ನೂ ಹೇಳುತ್ತವೆ. ಯಾವುದು ಮೊದಲು ಮುಗಿಯುತ್ತದೋ ಅದೇ ಲೆಕ್ಕ.

ಮಾರುತಿ 800 ಹಾಗೂ 1998ರಲ್ಲಿ ಬಂದ ಹುಂಡೈ ಸ್ಯಾಂಟ್ರೊ ಬೆಲ್ಟ್‌ನವು. ಮಾರುತಿಯ ಕೆ ಸರಣಿಯ ಎಂಜಿನ್‌ಗಳಿಗೆ ಚೈನ್ ಇದೆ. ಆದರೆ ಕಾರಿನ ಹೆಸರನ್ನಷ್ಟೇ ನಂಬುವಂತಿಲ್ಲ. 2005ರಲ್ಲಿ ಬಂದ ಟೊಯೊಟಾ ಇನ್ನೋವಾದ ಡೀಸೆಲ್ ಎಂಜಿನ್‌ಗೆ ಬೆಲ್ಟ್, ಪೆಟ್ರೋಲ್‌ಗೆ ಚೈನ್. 2016ರ ಕ್ರಿಸ್ಟಾದಲ್ಲಿ ಡೀಸೆಲ್‌ಗೂ ಚೈನ್. ಹಳೆಯ ಡೀಸೆಲ್ ಇನ್ನೋವಾದಲ್ಲಿ ಬೆಲ್ಟ್ ಬದಲಿಸಲು ನೆನಪಿಸುವ ದೀಪವೇನೋ ಇದೆ. ಅದು ಎಣಿಸುವುದು ಕಿ.ಮೀ.ಗಳನ್ನು, ಬೆಲ್ಟ್‌ನ ಸ್ಥಿತಿಯನ್ನಲ್ಲ.

ಹೆಬ್ರಿ ದಾಟಿ ಆಗುಂಬೆ ಘಾಟಿಯ 14 ತಿರುವುಗಳ ನಡುವೆ ಎಂಜಿನ್ ನಿಂತರೆ ಸ್ಟಿಯರಿಂಗ್ ಬಿಗಿಯಾಗುತ್ತದೆ, ಕೆಲವು ಸಲ ಒತ್ತಿದ ಬಳಿಕ ಬ್ರೇಕ್ ಕೂಡ ಗಟ್ಟಿಯಾಗುತ್ತದೆ. ಬೆಲ್ಟ್ ಹೋಗಿರುವ ಶಂಕೆಯಿದ್ದರೆ ಮತ್ತೆ ಮತ್ತೆ ಸೆಲ್ಫ್ ಹೊಡೆಯುವುದಾಗಲಿ, ತಳ್ಳಿ ಸ್ಟಾರ್ಟ್ ಮಾಡುವುದಾಗಲಿ ಕೂಡದು; ಉಳಿದ ವಾಲ್ವ್‌ಗಳಿಗೂ ಪೆಟ್ಟು ಬೀಳಬಹುದು.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಬೆಲ್ಟ್ ಬದಲಿಸಿದ ಬಿಲ್ಲು ಕೇಳಬೇಕು. ಬಿಲ್ಲು ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ತಿಳಿಯುವುದು ಕ್ಷೇಮ. ಬದಲಿಸುವಾಗ ಟೆನ್ಷನರ್ ಹಾಗೂ ಅದೇ ಬೆಲ್ಟ್‌ನಿಂದ ತಿರುಗುವ ವಾಟರ್ ಪಂಪ್ ಇದ್ದರೆ ಅದನ್ನೂ ಹೊಸದು ಹಾಕಿಸಿದರೆ ಬಿಚ್ಚಿ ಜೋಡಿಸುವ ಕೂಲಿ ಒಮ್ಮೆಗೇ ಮುಗಿಯುತ್ತದೆ.