ಗಾಲಿಕುರ್ಚಿಯ ಮೆತ್ತೆ

ಗಟ್ಟಿ ಬೆಂಚಿನ ಮೇಲೆ ಒಂದು ಗಂಟೆ ಕುಳಿತಾಗ ನಾವು ಹತ್ತಾರು ಬಾರಿ ಅತ್ತಿತ್ತ ಸರಿಯುತ್ತೇವಷ್ಟೆ. ಹಾಗೆ ಸರಿಸುವುದು ನೋವು. ಬೆನ್ನುಹುರಿಗೆ ಪೆಟ್ಟು ಬಿದ್ದು ಸ್ಪರ್ಶಜ್ಞಾನವನ್ನು ಕಳೆದುಕೊಂಡು ಗಾಲಿಕುರ್ಚಿಯಲ್ಲಿ ಕುಳಿತವರಿಗೆ ಈ ಎಚ್ಚರಿಕೆ ದೊರೆಯದು. ಪೃಷ್ಠದ ಎರಡು ಎಲುಬುಗಳ ಕೆಳಗೆ ಅಂಗಾಂಶವು ಅದುಮಿಹೋಗಿ, ರಕ್ತಸಂಚಾರ ನಿಂತು, ಹುಣ್ಣಾಗುತ್ತದೆ. ಅದು ಪ್ರಾಣಕ್ಕೂ ಎರವಾಗಬಲ್ಲುದು.

1930ರಲ್ಲಿ ಅಮೆರಿಕದ ಯೂಜೀನ್ ಲ್ಯಾಂಡಿಸ್ ಅವರು ಉಗುರಿನ ಬುಡದ ಲೋಮನಾಳಗಳಲ್ಲಿ ರಕ್ತದ ಒತ್ತಡವನ್ನು ಅಳೆದರು. ಧಮನಿಯ ಕಡೆಯ ತುದಿಯಲ್ಲಿ ಅದು ಸರಾಸರಿ 32 ಮಿಲಿಮೀಟರ್ ಪಾದರಸದಷ್ಟಿದ್ದಿತು. ಇದು ಎಲ್ಲರಿಗೂ ಒಂದೇ ಆದ ಎಲ್ಲೆಯಲ್ಲ, ಅಂದಾಜಿಗೆ ಸಾಕು. ಪೀಠದ ಮೇಲೆ ಬಿದ್ದ 45 ಕಿಲೋಗ್ರಾಂ ಭಾರವು 1,000 ಚದರ ಸೆಂಟಿಮೀಟರಿಗೆ ಸಮನಾಗಿ ಹರಡಿದರೂ ಒತ್ತಡ ಸುಮಾರು 33 ಮಿಲಿಮೀಟರ್! ಎಲುಬಿನ ತುದಿಗಳಲ್ಲೇ ನಿಂತರೆ ಅದರ ಎಷ್ಟೋ ಪಾಲು.

ಆದುದರಿಂದ ಭಾರವನ್ನು ಹಂಚುವುದೇ ಮೆತ್ತೆಯ ಮುಖ್ಯ ಕೆಲಸ. ಫೋಮ್ ಹಗುರ, ಅಗ್ಗ, ಕಾಲಕ್ರಮದಲ್ಲಿ ಕುಸಿಯುತ್ತದೆ. ಜೆಲ್ ಮೈಯ ಆಕಾರಕ್ಕೆ ಒಗ್ಗುತ್ತದೆ, ತೂಕ ಹೆಚ್ಚು. ಗಾಳಿಕೋಶಗಳ ಮೆತ್ತೆ ಭಾರವನ್ನು ಚೆನ್ನಾಗಿ ಹಂಚುತ್ತದೆ. ಆದರೆ ಗಾಳಿಯನ್ನು ನಿತ್ಯವೂ ಪರೀಕ್ಷಿಸಬೇಕು. ಕುಳಿತವರ ಎಲುಬಿನ ಕೆಳಗೆ ಕೈಯಿಟ್ಟು ನೋಡಿದರೆ ಎಲುಬಿಗೂ ಪೀಠಕ್ಕೂ ನಡುವೆ ಒಂದೆರಡು ಸೆಂಟಿಮೀಟರಿನ ಅಂತರ ಉಳಿದಿರಬೇಕು. ನಡುವೆ ತೂತುಳ್ಳ ಉಂಗುರದ ದಿಂಬು ಬೇಡ; ಅದರ ಅಂಚೇ ರಕ್ತವನ್ನು ತಡೆಯುತ್ತದೆ.

ನಮ್ಮ ಲೆಕ್ಕವೇ ತೋರಿಸುವಂತೆ, ಯಾವ ಮೆತ್ತೆಯೂ ಒತ್ತಡವನ್ನು ಇಲ್ಲವಾಗಿಸದು. 15ರಿಂದ 30 ನಿಮಿಷಗಳಿಗೊಮ್ಮೆ ಮುಂದಕ್ಕೆ ಬಾಗಿಯೋ ಪಕ್ಕಕ್ಕೆ ವಾಲಿಯೋ ಭಾರವನ್ನು ಇಳಿಸಬೇಕು. ದಿನವೂ ಚರ್ಮವನ್ನು ಕನ್ನಡಿಯಲ್ಲಿ ಪರೀಕ್ಷಿಸಬೇಕು. ನೋವು ಮಾಡುತ್ತಿದ್ದ ಕೆಲಸವನ್ನು ಇನ್ನು ಗಡಿಯಾರವೇ ಮಾಡಬೇಕು.