ಸ್ಪ್ಯಾಮ್ ಶೋಧಕದ ಪ್ರಮಾದಗಳು

ಬೇಡದ ಜಾಹೀರಾತುಗಳನ್ನೂ ವಂಚಕರ ಆಮಿಷಗಳನ್ನೂ ತಡೆದು, ಬೇಕಾದ ಇಮೇಲ್‌ಗಳನ್ನಷ್ಟೇ ನಮ್ಮ ಮುಂದಿರಿಸುವ ಸ್ಪ್ಯಾಮ್ ಶೋಧಕವು ಪತ್ರದ ಅರ್ಥವನ್ನು ಗ್ರಹಿಸಿಯೇ ತೀರ್ಪು ಕೊಡುತ್ತದೆಂದು ಭಾವಿಸುವುದು ಸಹಜ. ವಸ್ತುತಃ ಅದು ಪರೀಕ್ಷಿಸುವುದು ಪತ್ರದ ಬಾಹ್ಯ ಲಕ್ಷಣಗಳನ್ನು. ಅವುಗಳಿಂದ ಅದಕ್ಕೆ ದೊರೆಯುವುದು ಸಂಭಾವ್ಯತೆಯೊಂದೇ.

2001ರಲ್ಲಿ ಬಳಕೆಗೆ ಬಂದ ಸ್ಪ್ಯಾಮ್‌ಅಸಾಸಿನ್ ಎಂಬ ತಂತ್ರಾಂಶವು ಪ್ರತಿಯೊಂದು ಪತ್ರವನ್ನೂ ಅನೇಕ ನಿಯಮಗಳಿಗೆ ಒಡ್ಡಿ, ಸಂಶಯಾಸ್ಪದ ಲಕ್ಷಣ ಕಂಡಲ್ಲೆಲ್ಲ ಅಂಕಗಳನ್ನು ಕೂಡಿಸುತ್ತ ಹೋಗಿ, ಮೊತ್ತವು ಸಾಮಾನ್ಯವಾಗಿ 5ನ್ನು ಮುಟ್ಟಿದೊಡನೆ ಅದಕ್ಕೆ ಸ್ಪ್ಯಾಮ್ ಎಂಬ ಮುದ್ರೆಯೊತ್ತುತ್ತದೆ. ದೂರದ ಭವಿಷ್ಯದ ದಿನಾಂಕವನ್ನು ಹೊತ್ತ ಪತ್ರಗಳನ್ನು ಹಿಡಿಯಲೆಂದು ರಚಿಸಿದ ನಿಯಮವೊಂದರಲ್ಲಿ 2010 ಮತ್ತು ಅದರಾಚೆಯ ವರ್ಷಗಳೆಲ್ಲವೂ ದೂರದ ಭವಿಷ್ಯವೆಂದೇ ಪರಿಗಣಿತವಾಗಿದ್ದವು. 2010ರ ಜನವರಿ 1 ಬಂದೊಡನೆ, ಸರಿಯಾದ ದಿನಾಂಕವಿದ್ದ ಪತ್ರಗಳಿಗೂ ಬಹುಪಾಲು ಅಳವಡಿಕೆಗಳಲ್ಲಿ 3ಕ್ಕೂ ಮಿಕ್ಕ ಅಂಕಗಳು ಸುಮ್ಮನೆ ಸೇರಿಕೊಂಡವು. ಇನ್ನೊಂದು ಅಲ್ಪ ದೋಷವಿದ್ದ ನಿರಪರಾಧಿ ಪತ್ರವೂ ಮೇರೆ ದಾಟಿತು. ತಿದ್ದುಪಡಿಯು ಅಭಿವೃದ್ಧಿಯ ಹಂತದಲ್ಲಿದ್ದ ಆವೃತ್ತಿಯಲ್ಲಿ ಅದಾಗಲೇ ಸಿದ್ಧವಾಗಿದ್ದರೂ, ಬಳಕೆದಾರರ ಆವೃತ್ತಿಯನ್ನು ಅದು ಮುಟ್ಟಿರಲಿಲ್ಲ.

ತಾಂತ್ರಿಕ ಪತ್ರಗಳ ಪಾಡು ಇನ್ನೂ ಕಠಿಣ. ಪ್ರೋಗ್ರಾಮರ್ ಒಬ್ಬನು ಕಳುಹಿಸುವ ಪ್ಯಾಚ್‌ನಲ್ಲಿ, ಎಂದರೆ ತಂತ್ರಾಂಶದ ತಿದ್ದುಪಡಿಯಲ್ಲಿ, ನಿತ್ಯದ ಮಾತು ವಿರಳ. ಕೂಡು-ಕಳೆ ಚಿಹ್ನೆಗಳಿಂದ ಆರಂಭವಾಗುವ ಸಾಲುಗಳು, ಅಂಕಿ-ಅಕ್ಷರಗಳು ಬೆರೆತ ನಲವತ್ತು ಸ್ಥಾನಗಳ ಗುರುತುಸಂಖ್ಯೆ, ಐಪಿ ವಿಳಾಸಗಳು, ಲಿಂಕ್‌ಗಳು ಇವೇ ಅದರ ಶರೀರ. ಶೋಧಕವನ್ನು ದಿಕ್ಕುಗೆಡಿಸಲು ಸ್ಪ್ಯಾಮ್ ಕಳುಹಿಸುವವರು ತುಂಬುವ ಅರ್ಥಹೀನ ಅಕ್ಷರಮಾಲೆಗಳಿಗೂ ಇದಕ್ಕೂ ಯಂತ್ರದ ದೃಷ್ಟಿಯಲ್ಲಿ ಅಂತರ ಅಲ್ಪ. ವಂಚನೆಯ ಪತ್ರವೊಂದನ್ನು ವರದಿ ಮಾಡುವವನಂತೂ ಆ ವಂಚಕನ ಮಾತುಗಳನ್ನೇ ಉದ್ಧರಿಸಬೇಕಾಗುತ್ತದೆ. ಇದಲ್ಲದೆ, ಪತ್ರವನ್ನು ಮುಂದಕ್ಕೆ ರವಾನಿಸುವ ನಡುವಿನ ಸರ್ವರ್ ಅದರ ಕೊನೆಗೆ ಒಂದು ಸಾಲನ್ನು ಸೇರಿಸಿದರೂ ಸಾಕು, ಮೂಲ ಪ್ರೇಷಕನ ಡಿಜಿಟಲ್ ಸಹಿಯು ತಾಳೆಯಾಗದೆ ಹೋಗಬಹುದು.

2015ರ ಜುಲೈನಲ್ಲಿ, ಬೇಕಾದ ಪತ್ರಗಳಲ್ಲಿ ಶೇಕಡಾ 0.05ಕ್ಕಿಂತ ಕಡಮೆ ಭಾಗವಷ್ಟೇ ಸ್ಪ್ಯಾಮ್ ಫೋಲ್ಡರ್ ಸೇರುತ್ತದೆಂದು ಜಿಮೇಲ್ ಪ್ರಕಟಿಸಿದ ಕೆಲವೇ ದಿನಗಳಲ್ಲಿ, ಲಿನಕ್ಸ್‌ನ ಜನಕ ಲೀನಸ್ ಟೋರ್ವಾಲ್ಡ್ಸ್ ತಮ್ಮ ಸ್ಪ್ಯಾಮ್ ಫೋಲ್ಡರನ್ನು ತಡಕಿದಾಗ, ನೋಡಿದವುಗಳಲ್ಲಿ ಐದನೆಯ ಒಂದು ಪಾಲಿಗೂ ಮಿಕ್ಕವು ನಿಜವಾದ ಪತ್ರಗಳಾಗಿದ್ದವು, ಪ್ಯಾಚ್‌ಗಳೂ ಅವುಗಳಲ್ಲಿದ್ದವು. ಜನಸಾಮಾನ್ಯರ ಪತ್ರಗಳ ಮೇಲೆ ಪಳಗಿದ ಶೋಧಕವು ಸರಾಸರಿಯಲ್ಲಿ ಎಷ್ಟೇ ನಿಪುಣವಾಗಿದ್ದರೂ, ವಿಶಿಷ್ಟ ವೃತ್ತಿಯವರ ಭಾಷೆಯಲ್ಲಿ ಎಡವುವುದೆಂಬುದಕ್ಕೆ ಇದು ನಿದರ್ಶನ.

ಒಳನುಸುಳಿದ ಸ್ಪ್ಯಾಮ್ ಕಣ್ಣಿಗೆ ಬೀಳುತ್ತದೆ, ಅಳಿಸಿದರೆ ಮುಗಿಯಿತು. ಕಳೆದುಹೋದ ಸತ್ಪತ್ರವಾದರೋ ತಾನು ಕಳೆದುದನ್ನೇ ತಿಳಿಸದು. ಆದುದರಿಂದ ಸರ್ವರ್ ನಿರ್ವಾಹಕರು ಸಂದೇಹಾಸ್ಪದ ಪತ್ರವನ್ನು ಗುಟ್ಟಾಗಿ ನಾಶಮಾಡದೆ, ಬೇರೆಯಾಗಿರಿಸಬೇಕು, ಇಲ್ಲವೆ ಸ್ವೀಕರಿಸುವ ಮೊದಲೇ ನಿರಾಕರಿಸಿ ಪ್ರೇಷಕನಿಗೆ ಸಂಗತಿ ತಿಳಿಯುವಂತೆ ಮಾಡಬೇಕು. ಓದುಗರಾದ ನಾವು ಸ್ಪ್ಯಾಮ್ ಫೋಲ್ಡರನ್ನು ಆಗಾಗ ತೆರೆದು ನೋಡಿ, ತಪ್ಪಾಗಿ ಸೇರಿದ ಪತ್ರವನ್ನು ‘ಸ್ಪ್ಯಾಮ್ ಅಲ್ಲ’ ಎಂದು ಗುರುತಿಸಬೇಕು. ಹೀಗೆ ತಿದ್ದಿದಲ್ಲದೆ ಶೋಧಕವು ಕಲಿಯದು.